ಎರಡು ಗಿಡ್ಡ ಕಾಲಿನ ಸ್ಟೂಲು

ನಾನು ಬಡಗಿ. ಸೊಟ್ಟಗಿರುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಪಕ್ಕದ ಮನೆಯ ಕ್ಯಾಲೆಂಡರು ಓರೆಯಾಗಿದ್ದರೂ ಒಳಗೆ ನುಗ್ಗಿ ಸರಿಮಾಡಿ ಬರುವವನು. "ಇವನ ಕಣ್ಣಲ್ಲೇ ರಸಮಟ್ಟ ಇದೆ" ಎಂದು ಅಮ್ಮ ಹಂಗಿಸುತ್ತಾಳೆ.

ನನ್ನ ಮಗಳಿಗೆ ಎಂಟು ವರ್ಷ. ಸ್ಕೂಲಿನಲ್ಲಿ ಚುರುಕು ಮಕ್ಕಳನ್ನು ಆರಿಸಿ ಶನಿವಾರ ಬೇರೆ ಕೂರಿಸಿ ಕಲಿಸುತ್ತಾರೆ, ಅದರಲ್ಲಿ ಇವಳೂ ಒಬ್ಬಳು. ಈ ಸಲ ಮನೆಯಲ್ಲಿ ಯಾರಿಗಾದರೂ ಬೇಕಾದ ವಸ್ತುವನ್ನು ತಾವೇ ಯೋಚಿಸಿ, ಕೈಯಾರೆ ಮಾಡಿ ತರಬೇಕಿತ್ತು. ಅದು ಕೆಲಸಕ್ಕೆ ಬಂದರೆ ಮಾತ್ರ ಮುಂದಿನ ವರ್ಷ ಆ ಗುಂಪಿನಲ್ಲಿ ಜಾಗ. ಆ ಜಾಗಕ್ಕಾಗಿ ಇವಳು ಊಟ ನಿದ್ದೆ ಬಿಟ್ಟಳು.

ನನ್ನ ಅಂಗಡಿಯ ಚೂರುಪಾರು ಹಲಗೆ ಆಯ್ದು ಅಜ್ಜಿಗೆ, ಅಂದರೆ ನನ್ನ ಅಮ್ಮನಿಗೆ, ಕೂತು ಸ್ನಾನ ಮಾಡಲು ಸ್ಟೂಲು ಮಾಡಿದಳು. ಬೆರಳಿನ ಮೇಲೆ ಎರಡು ಸಲ ಸುತ್ತಿಗೆ ಬಿತ್ತು. ಹತ್ತಿರ ಹೋದರೆ "ಮುಟ್ಬೇಡ ಅಪ್ಪ" ಎನ್ನುತ್ತಿದ್ದಳು.

ಕೊಡುವ ದಿನ ಬೆಳಿಗ್ಗೆ ನೋಡುತ್ತೇನೆ, ಎರಡು ಕಾಲು ಒಂದು ಬೆರಳು ಗಿಡ್ಡ! ಬಡಗಿಯ ಮಗಳು ಇಂಥದ್ದನ್ನು ಹೊತ್ತುಕೊಂಡು ಹೋದರೆ ನನ್ನ ಮರ್ಯಾದೆ ಏನಾಗಬೇಕು? ಅವಳು ತಲೆ ಬಾಚಿಸಿಕೊಳ್ಳುತ್ತಿದ್ದಾಗ ಉದ್ದದ ಎರಡನ್ನೂ ಕೊಯ್ದು, ನಾಲ್ಕನ್ನೂ ಸಮ ಮಾಡಿ ಚೀಲಕ್ಕೆ ಹಾಕಿಟ್ಟೆ. ಐದು ನಿಮಿಷದ ಕೆಲಸ.

ಅಪ್ಪ ಅಮ್ಮಂದಿರನ್ನೂ ಕರೆದಿದ್ದರು, ನಾನೂ ಹೋಗಿದ್ದೆ. ಕ್ಲಾಸಿನಲ್ಲಿ ಟೀಚರ್ ಅವಳ ನೋಟುಬುಕ್ಕನ್ನು ಎಲ್ಲರಿಗೂ ಓದಿ ಹೇಳಿದರು. "ನಮ್ಮ ಬಚ್ಚಲ ನೆಲ ಮೋರಿ ಕಡೆಗೆ ಇಳಿಜಾರು. ಕೂತರೆ ಅಜ್ಜಿ ಜಾರುತ್ತಾಳೆ. ಅದಕ್ಕೇ ನೆಲ ಎತ್ತರ ಇರುವ ಗೋಡೆ ಕಡೆಯ ಎರಡು ಕಾಲು ಗಿಡ್ಡ." ಪಕ್ಕದ ಮನೆಯ ಕ್ಯಾಲೆಂಡರು ಕಾಣುವ ನನ್ನ ಕಣ್ಣಿಗೆ ನನ್ನದೇ ಬಚ್ಚಲು ಕಂಡಿರಲಿಲ್ಲ.

ಅವಳು ಬರೆದಿದ್ದ ಅಳತೆಯಷ್ಟೇ ಇಳಿಜಾರಾಗಿ ಇಟ್ಟ ಹಲಗೆಯ ಮೇಲೆ ಸ್ಟೂಲು ನಿಲ್ಲಿಸಿ, ಅದರ ಮೇಲೆ ಗೋಲಿ ಇಟ್ಟರು. ಗೋಲಿ ಉರುಳಿ ನೆಲಕ್ಕೆ ಬಿತ್ತು.

"ಬರೆದಿದ್ದು ಸರಿಯಾಗೇ ಇದೆಯಲ್ಲಮ್ಮ, ಮಾಡುವಾಗ ಏನಾಯ್ತು?"

ಮಗಳು ಹೊಸದಾಗಿ ಕೊಯ್ದ ಕಾಲುಗಳನ್ನು ನೋಡಿದಳು. ಆಮೇಲೆ ನನ್ನನ್ನು.

"ಅಳತೆ ತಪ್ಪಿದೆ ಮಿಸ್," ಅಂದಳು.

ನಾನೇ ಕೊಯ್ದದ್ದು ಎನ್ನಬಹುದಿತ್ತು. ಅಷ್ಟೊಂದು ಅಪ್ಪ ಅಮ್ಮಂದಿರ ಮುಂದೆ ನಾಲಿಗೆ ಹೊರಳಲಿಲ್ಲ. ಹೇಡಿ ನಾನು. ಜಾಗ ಹೋಯಿತು.

ಮೊನ್ನೆ ಮಾಮೂಲಿ ಕ್ಲಾಸಿನವರು ರಟ್ಟಿನ ಮನೆ ಮಾಡಿ ತರಲು ಹೇಳಿದ್ದರಂತೆ. ರಟ್ಟು, ಅಂಟು, ಕತ್ತರಿ ಎಲ್ಲ ತಂದು ನನ್ನ ಮುಂದಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀನೇ ಮಾಡ್ಕೊಡು ಅಪ್ಪ. ನಾನು ಮಾಡಿದ್ರೂ ಆಮೇಲೆ ನೀನು ಸರಿ ಮಾಡ್ತೀಯಲ್ಲ."