ಎಲ್ಲಕ್ಕಿಂತ ಎತ್ತರದ ಕಂಬ

ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಪಾಠ ಹೇಳುವ ಚಟಕ್ಕೆ ಮಾತ್ರ ನಿವೃತ್ತಿ ಇರಲಿಲ್ಲ. ಮಕ್ಕಳು ಸಿಗದಿದ್ದರೆ ದೊಡ್ಡವರಾದರೂ ಸಾಕು ಎಂದು ದಿನಾ ಮಧ್ಯಾಹ್ನ ದರ್ಜಿಯ ಅಂಗಡಿಗೆ ಹೋಗಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫೋನು ಒರಗಿಸಿ, ಶೇರುಗಳ ಚಾರ್ಟು ತೆರೆಯುತ್ತಿದ್ದರು. ಮೇಲೆ ಬೆಲೆಯ ಗೆರೆ, ಕೆಳಗೆ ಆಯಾ ದಿನ ಎಷ್ಟು ಶೇರು ಕೈಬದಲಾದವೆಂದು ತೋರಿಸುವ ಕಂಬಗಳು. ಬೆಲೆ ಸುಳ್ಳು ಹೇಳಬಹುದು, ಕಂಬ ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಬೆಲೆಯ ಜೊತೆ ಕಂಬವೂ ಎದ್ದರೆ ಯಾವುದೋ ದೊಡ್ಡ ಕೈ ಒಳಗೆ ಬಂದಿದೆ ಎಂದೇ ಅರ್ಥವಂತೆ. ಜನ ಅವರನ್ನು ಕಂಬದ ಮೇಷ್ಟ್ರು ಎಂದು ಕರೆದರು. ಅದನ್ನು ಅವರು ಬಿರುದೆಂದುಕೊಂಡರು, ಇರಲಿ ಬಿಡಿ.

ಹೆಂಡತಿ ಮಾತ್ರ ಮೂಗು ಮುರಿಯುತ್ತಿದ್ದಳು. ಬಾಡಿಗೆಗಿದ್ದ ಮನೆಯನ್ನೇ ಕೊಳ್ಳಬೇಕೆಂದು ಇಬ್ಬರೂ ಹಣ ಕೂಡಿಟ್ಟಿದ್ದರು: ಅರ್ಧ ಅವರ ನಿವೃತ್ತಿಯ ಗಂಟು, ಅರ್ಧ ಅವಳಿಗೆ ತವರಿನಿಂದ ಬಂದ ಪಾಲು. ತಮ್ಮ ಅರ್ಧವನ್ನು ಮೇಷ್ಟ್ರು ಬಾಟಲಿ ಮುಚ್ಚಳ ಮಾಡುವ ಒಂದು ಪುಟ್ಟ ಕಂಪನಿಯ ಶೇರಿಗೆ ಸುರಿದರು. ನನ್ನ ದುಡ್ಡಿನ ತಂಟೆಗೆ ಬರಬೇಡಿ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಹತ್ತಾರು ಜನ ತಲೆದೂಗುವಾಗ ಕಟ್ಟಿಕೊಂಡವಳೇ ನಂಬದಿದ್ದರೆ ಯಾರಿಗಾದರೂ ಬೇಸರವೇ.

ದರ್ಜಿ ನಂಬಿದ. ಔಷಧಿ ಅಂಗಡಿಯವನೂ ಅಂಚೆಯವನೂ ನಂಬಿದರು. ಮುಚ್ಚಳದ ಶೇರು ದಿನಕ್ಕೆ ಇನ್ನೂರು ಕೈಬದಲಾದರೆ ಹೆಚ್ಚು. ಆ ಮಂಗಳವಾರ ಎರಡು ಸಾವಿರದ ಮುನ್ನೂರು. ಮೇಷ್ಟ್ರು ಕುರ್ಚಿಯಿಂದ ಎದ್ದೇ ನಿಂತರು. ದೊಡ್ಡ ಕೈ ಬಂತು, ಇನ್ನಷ್ಟು ತಗೊಳ್ಳಿ ಎಂದರು. ತಗೊಂಡರು. ಬುಧವಾರ ಕಂಬ ಇನ್ನೂ ಎತ್ತರ, ಗುರುವಾರ ಮತ್ತೂ ಎತ್ತರ, ಬೆಲೆಯೂ ಜೊತೆಗೇ ಏರಿತು.

ಶುಕ್ರವಾರ ಸುಮ್ಮನೆ ಕುತೂಹಲಕ್ಕೆ, ಮಂಗಳವಾರ ಯಾರ್ಯಾರು ಎಷ್ಟೆಷ್ಟು ಕೊಂಡಿರಿ ಎಂದು ಕೇಳಿದರು. ದರ್ಜಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಬರೆದ: ತಾನು ಒಂಬೈನೂರು, ಔಷಧಿಯವನು ಸಾವಿರ, ಅಂಚೆಯವನು ಮುನ್ನೂರು. ಕೂಡಿದರೆ ಎರಡು ಸಾವಿರದ ಇನ್ನೂರು. ಮಿಕ್ಕ ಇಡೀ ಲೋಕದ ಪಾಲು ನೂರೇ ನೂರು.

ಮೇಷ್ಟ್ರು ಇನ್ನೊಮ್ಮೆ ಕೂಡಿ ನೋಡಿದರು. ದರ್ಜಿಗೋ ಹಿಗ್ಗೇ ಹಿಗ್ಗು.

"ಹಂಗಾದ್ರೆ ಆ ದೊಡ್ಡ ಕೈ ನಾವೇನಾ ಮೇಷ್ಟ್ರೇ?"

ಮೇಷ್ಟ್ರಿಗೆ ಆಗಲೇ ಮುಂದಿನದು ಹೊಳೆದಿತ್ತು. ಇವರೆಲ್ಲ ಒಟ್ಟಿಗೆ ಮಾರಲು ಹೊರಟರೆ ಕೊಳ್ಳಲು ಒಂದು ನರಪಿಳ್ಳೆಯೂ ಇರುವುದಿಲ್ಲ, ಮನೆಯ ಅರ್ಧ ಹಣ ಅಲ್ಲೇ ಸಿಕ್ಕಿಬೀಳುತ್ತದೆ. ಒಂದು ವಾರ ಯಾರೂ ಮಾರುವ ಮಾತೆತ್ತಬೇಡಿ ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟು ಎದ್ದು ಬಂದರು. ಎಂಥ ಗುರು ನೋಡಿ.

ಸೋಮವಾರ ಬೆಳಿಗ್ಗೆ ಶೇರುಪೇಟೆ ತೆರೆದದ್ದೇ ತಡ, ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮವನ್ನೆಲ್ಲ ಮಾರಾಟಕ್ಕಿಟ್ಟರು. ಹತ್ತು ನಿಮಿಷ ಒಂದೂ ಹೋಗಲಿಲ್ಲ. ಲಾಭ ಹಾಳಾಗಿ ಹೋಗಲಿ, ಗಂಟು ಬಂದರೆ ಸಾಕು ಎಂದು ತಾವು ಕೊಂಡ ಬೆಲೆಗೇ ಇಳಿಸಿದರು. ಸ್ವಲ್ಪ ಹೊತ್ತಿಗೆ ಒಂದೇ ಏಟಿಗೆ ಅಷ್ಟೂ ಹೋಯಿತು. ಆ ವರ್ಷ ಕಾಣದಷ್ಟು ಎತ್ತರದ ಕಂಬ ಎದ್ದು ನಿಂತಿತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕೊನೆಗೂ ನಿಜವಾದ ದೊಡ್ಡ ಕೈಯೊಂದು ಬಂದಿತ್ತಲ್ಲ.

ಬಾಗಿಲು ತೆರೆದು ಅಡುಗೆಮನೆಗೆ ಬಂದರೆ ಹೆಂಡತಿ ಫೋನು ಹಿಡಿದು ನಿಂತಿದ್ದಳು, ಮುಖ ಅರಳಿತ್ತು. ಮನೆ ಮಾಲೀಕರು ಬೆಲೆ ಏರಿಸಿದ್ದಾರಂತೆ, ಇಬ್ಬರ ಹಣ ಸೇರಿದರೂ ಸಾಲದಂತೆ. ಅದಕ್ಕೇ ಔಷಧಿಯವನ ಹೆಂಡತಿಯ ಹತ್ತಿರ ಶೇರು ಕೊಳ್ಳುವುದನ್ನು ಕಲಿತಳಂತೆ. ಎರಡು ವರ್ಷ ನಿಮ್ಮ ಮಾತಿಗೆ ಕಿವಿಗೊಡದೆ ತಪ್ಪು ಮಾಡಿದೆ ಎಂದಳು. ಆ ಒಂದು ಮಾತಿಗಾಗಿ ಮೇಷ್ಟ್ರು ಎಷ್ಟು ಕಾದಿದ್ದರೋ.

"ನಿಮ್ಮ ಮುಚ್ಚಳದ ಶೇರಿಗೇ ನನ್ನ ಪಾಲೆಲ್ಲ ಹಾಕ್ಬಿಟ್ಟೆ ಕಣ್ರೀ. ಯಾವನೋ ಮುಠ್ಠಾಳ ಹಳೇ ಬೆಲೆಗೇ ಮಾರ್ತಿದ್ದ, ಅಷ್ಟನ್ನೂ ಬಾಚ್ಕೊಂಡೆ. ಯಾರಿರಬಹುದು?"

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

"ನಾನೇ ಕಣೇ."