ನಲವತ್ತೊಂದನೆಯ ನಲ್ಲಿ

ಶಿವಗಂಗಮ್ಮ ಗಂಡನ ಪಕ್ಕದಿಂದ ಎದ್ದವರೇ ಬಾಗಿಲ ಹಿಂದೆ ಒರಗಿಸಿದ್ದ ಉದ್ದನೆಯ ಕಬ್ಬಿಣದ ಕೀಲಿಗೆ ಕೈ ಹಾಕಿದರು. ಸುತ್ತ ಕೂತು ಅಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ನಾದಿನಿ ಓಡಿಬಂದು ಸೆರಗು ಹಿಡಿದುಕೊಂಡಳು.

"ಅತ್ತಿಗೇ, ಎಲ್ಲಿಗೆ? ಅಣ್ಣನ್ನ ಇಲ್ಲಿ ಕೂರ್ಸಿಟ್ಟು ಬೀದಿಗಿಳೀತೀಯಾ?"

"ಇವತ್ತು ಗುರುವಾರ ಕಣೇ. ಮೇಲಿನ ಬೀದಿಗೆ ನೀರು ಬಿಡೋ ದಿನ. ಬಿಟ್ಬಿಟ್ಟು ಬತ್ತೀನಿ."

ಅದು ಬೀಗದ ಕೀಲಿಯಲ್ಲ. ಟ್ಯಾಂಕಿನ ಬುಡದ ಗುಂಡಿಯಲ್ಲಿರುವ ವಾಲ್ವ್ ತಿರುಗಿಸುವ ಕೀಲಿ. ಗೋಡೆಗೆ ಒರಗಿಸಿ ಕೂರಿಸಿದ್ದ ಅವರ ಗಂಡ ಪಂಚಾಕ್ಷರಪ್ಪ ಮೂವತ್ತೊಂದು ವರ್ಷ ಅದನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದರು. ಯಗಟಿಯ ಆಚೆಗಿನ ಸೋಮನಕಟ್ಟೆಗೆ ಅವರೇ ವಾಟರ್‌ಮನ್. ನಿನ್ನೆ ಸಂಜೆ ಟ್ಯಾಂಕಿನ ಮೆಟ್ಟಿಲ ಬಳಿ ಕುಸಿದವರು ಮತ್ತೆ ಏಳಲಿಲ್ಲ.

ಅಂಗಳದಲ್ಲಿ ಬಾಳೆಕಂದು, ಚೆಂಡುಹೂ ಕಟ್ಟಿ, ಶವ ಕೂರಿಸಿ ಹೊರುವ ವಿಮಾನ ಸಿದ್ಧಪಡಿಸುತ್ತಿದ್ದರು. ಊರಿಗೆ ಊರೇ ಅಲ್ಲಿ ನೆರೆದಿತ್ತು. ಜನರ ನಡುವೆ ಶಿರೀನ್ ತಾಜ್ ಟ್ಯಾಬನ್ನು ಎದೆಗೆ ಅವುಚಿಕೊಂಡು ಏನು ಮಾಡಲೂ ತೋಚದೆ ನಿಂತಿದ್ದಳು. ತರೀಕೆರೆಯ ಹುಡುಗಿ, ಕೇಂದ್ರ ಸರ್ಕಾರದ ಮನೆಮನೆ ನೀರಿನ ಸರ್ವೆಗೆ ಬಂದವಳು. ಗುರುವಾರ ಬಾ ಎಂದು ಪಂಚಾಕ್ಷರಪ್ಪನೇ ಹೇಳಿದ್ದರು. ಕಡೂರಿನಿಂದ ಬಸ್ಸು ಹಿಡಿದು ಬಂದು ಇಳಿದಾಗಲೇ ಅವಳಿಗೆ ಸುದ್ದಿ ತಿಳಿದದ್ದು.

ಪಂಚಾಯಿತಿ ಅಧ್ಯಕ್ಷ ಮಹೇಂದ್ರ ಅವಳಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. "ನೋಡಮ್ಮ, ಸಾವಿನ ಮನೆ. ಇವತ್ತು ನೀರು ಗೀರು ಏನೂ ಬಿಡಲ್ಲ. ನಮ್ಮ ಊರು ನೂರಕ್ಕೆ ನೂರು ಅಂತ ಆಗ್ಲೇ ಆನ್‌ಲೈನಲ್ಲಿದೆ. ಹಂಗೇ ಬರ್ಕೊಂಡು ಹೋಗ್ಬಿಡು."

"ಹಂಗೆ ಬರೆಯೋಕಾಗಲ್ಲ ಸರ್. ಇನ್ನೊಂದು ದಿನ ಬರ್ತೀನಿ. ಈಗ ಕೇಳೋದು ಸರಿಯಲ್ಲ."

"ಯಾಕೆ ಸರಿಯಲ್ಲ?" ಕೀಲಿ ಹೆಗಲಿಗೇರಿಸಿಕೊಂಡು ಶಿವಗಂಗಮ್ಮ ಹೊಸ್ತಿಲು ದಾಟಿದರು. "ಅವ್ರು ಕರೆದಿದ್ರು, ನೀನು ಬಂದಿದೀಯ. ನಡಿ ಮಗಾ, ನೋಡಿವಂತೆ."

*

ಸೋಮವಾರ ಶಿರೀನ್ ಮೊದಲ ಸಲ ಬಂದಾಗ ಪಂಚಾಕ್ಷರಪ್ಪ ಅವಳ ಪ್ರಶ್ನೆಗೆ ಉತ್ತರಿಸುವ ಮೊದಲು ತಾವೇ ಪ್ರಶ್ನೆ ಕೇಳತೊಡಗಿದ್ದರು.

"ಇದು ಎಲ್ಲಿಗೆ ಹೋಗುತ್ತೆ? ತಾಲ್ಲೂಕಿಗಾ?"

"ಸೀದಾ ದಿಲ್ಲಿಗೆ ಅಪ್ಪಾಜಿ. ಪ್ರಪಂಚದ ದೇಶಗಳೆಲ್ಲ ಸೇರಿ ಹದಿನೇಳು ಗುರಿ ಇಟ್ಕೊಂಡಿದಾವೆ. ಎರಡು ಸಾವಿರದ ಮೂವತ್ತಕ್ಕೆ ಮುಟ್ಬೇಕು ಅಂತ. ಬಡತನ, ಶಾಲೆ, ಆಸ್ಪತ್ರೆ, ಹಿಂಗೆ. ಆರನೇದು ನೀರು. ಒಂದೊಂದು ಇಲಾಖೆನೂ ತನ್ನ ಲೆಕ್ಕ ಕೊಡುತ್ತೆ. ದಿಲ್ಲೀಲಿ ಎಲ್ಲಾ ಜೋಡಿಸಿ, ಯಾವ ರಾಜ್ಯ ಎಲ್ಲಿದೆ ಅಂತ ನೋಡ್ತಾರೆ. ವಿಶ್ವಸಂಸ್ಥೆ ಮುಂದೇನೂ ಇಡ್ತಾರೆ."

"ನಮ್ಮ ಪಂಚಾಯ್ತಿಯಿಂದ ನೂರಕ್ಕೆ ನೂರು ಅಂತ ಹೋಗಿದೆ. ನಿನ್ನ ಟ್ಯಾಬಲ್ಲಿ ಬೇರೆ ಬಂದ್ರೆ ಯಾವುದನ್ನ ನಂಬ್ತಾರೆ?"

"ಅದಕ್ಕೇ ನಮ್ಮನ್ನ ಕಳ್ಸೋದು. ನಲ್ಲಿ ಹಾಕ್ದೋರು ಒಂದು ಲೆಕ್ಕ ಹೇಳ್ತಾರೆ. ನೀರು ಹಿಡಿಯೋರನ್ನ ಬೇರೆಯಾಗಿ ಕೇಳ್ಬೇಕಲ್ಲ? ಎರಡೂ ತಾಳೆ ಆಗದಿದ್ರೆ, ಯಾಕೆ ಅಂತ ವಿಚಾರಿಸ್ತಾರೆ."

ಪಂಚಾಕ್ಷರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಏ ಇವಳೇ, ಕೇಳಿಸ್ತಾ? ಯಾಕೆ ಅಂತ ವಿಚಾರಿಸ್ತಾರಂತೆ!"

ಎಂಟು ತಿಂಗಳ ಹಿಂದಿನ ಗ್ರಾಮಸಭೆಯಲ್ಲಿ ಅವರನ್ನು ಯಾರೂ ವಿಚಾರಿಸಿರಲಿಲ್ಲ. ಊರಿನ ಪ್ರತಿ ಮನೆಗೂ ನಲ್ಲಿ ನೀರು ತಲುಪಿದೆ ಎಂದು ಠರಾವು ಓದಿದ್ದರು, ಕೆಳಗಿನ ಬೀದಿಯವರು ಚಪ್ಪಾಳೆ ತಟ್ಟಿದ್ದರು. ಪಂಚಾಕ್ಷರಪ್ಪ ಎದ್ದು ನಿಂತರು. "ನಲ್ಲಿ ಎಲ್ಲಾ ಮನೇಲೂ ಅದೆ. ಮೇಲಿನ ಬೀದೀಲಿ ಐವತ್ತನಾಲ್ಕು ಮನೆ. ನೀರು ಹತ್ತೋದು ಮೂವತ್ತೆಂಟಕ್ಕೆ. ವಾಲ್ವ್ ತಿರುಗ್ಸೋನು ನಾನು, ನಂಗೊತ್ತಿಲ್ವಾ?" ಎಂದವರು ಸಹಿ ಹಾಕದೆ ಹೊರಟುಬಂದರು.

ಊರಿಗೆ ಇದ್ದದ್ದು ಒಂದೇ ಪೈಪು. ಕೆಳಗಿನ ಬೀದಿಯನ್ನು ದಾಟಿಯೇ ನೀರು ಮೇಲಿನ ಬೀದಿಯ ದಿಬ್ಬ ಹತ್ತಬೇಕು. ದಾರಿಯಲ್ಲಿ ಮನೆಮನೆಯವರು ನಲ್ಲಿಗೆ ಮೋಟರ್ ಹಾಕಿ ಎಳೆದುಕೊಳ್ಳುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಆ ಮಾತನ್ನು ಸಭೆಯಲ್ಲಿ ಆಡಿದ್ದಕ್ಕೆ ಕೆಳಗಿನ ಬೀದಿಯ ಎಷ್ಟೋ ಜನ ಅವರೊಂದಿಗೆ ಮಾತು ಬಿಟ್ಟರು. ಕೂಸಾಗಿದ್ದಾಗಿನಿಂದ ದೊಡ್ಡಪ್ಪ ಎನ್ನುತ್ತಿದ್ದ, ಅದೇ ಬೀದಿಯ ಮಹೇಂದ್ರನೂ ಬಿಟ್ಟ. ಆದರೂ ಪಂಚಾಕ್ಷರಪ್ಪ ಪ್ರತಿ ಗುರುವಾರ ದಿಬ್ಬ ಹತ್ತಿ, ನೀರು ಯಾವ ಮನೆಯವರೆಗೆ ಬಂತು ಎಂದು ನೋಡಿಕೊಂಡು ಬರುವುದನ್ನು ನಿಲ್ಲಿಸಲಿಲ್ಲ.

"ನಮ್ಮನೇನೂ ಸೇರಿ ನಮ್ಮ ಬೀದೀಲಿ ನಾಲ್ಕು ಮನೆ ನಿನ್ನ ಪಟ್ಟೀಲಿದೆ ಅಂದ್ಯಲ್ಲ," ಶಿರೀನ್ ಹೊರಟಾಗ ಅವರು ಹೇಳಿದರು. "ಬಾಯಿಮಾತು ಬ್ಯಾಡ. ಗುರುವಾರ ಬಾ, ಕಣ್ಣಾರೆ ನೋಡು." ಮಂಡಿ ನೋವಿದ್ದರೂ ಅವಳು ಬಸ್ಸು ಹತ್ತುವವರೆಗೆ ಜೊತೆಗೆ ನಡೆದು ಬಂದರು. ಬಸ್ಸು ಹೊರಟ ಮೇಲೂ ಮದುವೆಗೆ ಕರೆದವರಂತೆ "ಗುರುವಾರ! ಮರೀಬ್ಯಾಡ!" ಎಂದು ಕೂಗಿದರು.

*

ಶಿವಗಂಗಮ್ಮ ಗುಂಡಿಯ ಚಪ್ಪಡಿ ಸರಿಸಿ, ಕೀಲಿಯನ್ನು ಇಳಿಸಿ ತಿರುಗಿಸತೊಡಗಿದರು. ಹಿಂದೆಯೇ ಬಂದಿದ್ದ ಮಹಬೂಬ್ ಸಾಬ್ ಬೆರಗಾಗಿ ನೋಡಿದರು. ಬೋರ್‌ವೆಲ್ ಮೋಟರ್ ಕೆಟ್ಟಾಗಲೆಲ್ಲ ಪಂಚಾಕ್ಷರಪ್ಪನ ಜೊತೆ ದುಡಿದವರು ಅವರು.

"ಅಕ್ಕಾ, ಎಷ್ಟು ಸುತ್ತು ಅಂತ ನಿಮಗೆಂಗೆ ಗೊತ್ತು?"

"ಹದಿನಾಲ್ಕು. ಎರಡು ವರ್ಷದಿಂದ ನಾನೇ ತಿರುಗ್ಸೋದು ಸಾಬ್ರೇ. ಅವ್ರಿಗೆಲ್ಲಿ ಬಗ್ಗೋಕಾಗ್ತಿತ್ತು? ಪಕ್ಕದಲ್ಲಿ ನಿಂತು ಎಣಿಸೋರು."

ಹದಿನಾಲ್ಕನೆಯ ಸುತ್ತಿಗೆ ನೆಲದಡಿ ನೀರು ಮೊರೆಯಿತು. ಶಿರೀನ್ ದಿಬ್ಬದತ್ತ ನಡೆದಳು. ಮಹಬೂಬ್ ಸಾಬ್ ಹಿಂಬಾಲಿಸಿದರು. ಸಾವಿಗೆಂದು ಬಂದಿದ್ದ ನಾಲ್ಕಾರು ಮಂದಿ, ಆಮೇಲೆ ಹತ್ತಾರು ಮಂದಿ ಜೊತೆಗೂಡಿದರು. ಮೊದಲನೆಯ ಮನೆ. ಐದನೆಯದು. ಹನ್ನೆರಡನೆಯದು. ಹೆಂಗಸರು ತಮ್ಮ ತಮ್ಮ ಮನೆಗೆ ಓಡಿ ನಲ್ಲಿ ತಿರುಗಿಸಿ ಕೂಗುತ್ತಿದ್ದರು. "ಬಂತು! ನಮ್ಮನೇಗ್ ಬಂತು!"

ಮೂವತ್ತೆಂಟನೆಯ ಮನೆಯ ಮುಂದೆ ಎಲ್ಲರೂ ನಿಂತರು. ಇಲ್ಲಿಗೆ ಮುಗಿಯಿತು ಎಂದೇ ಎಲ್ಲರ ಲೆಕ್ಕ. ಆದರೆ ಆ ಮನೆಯ ನಲ್ಲಿ ಕೊಡಕ್ಕೆ ದಬದಬನೆ ಸುರಿಯುತ್ತಿತ್ತು.

"ಲೇ, ಮುಂದಕ್ಕೆ ನೋಡ್ರೋ!" ಮಹಬೂಬ್ ಸಾಬ್ ತಾವೇ ಮುಂದಿನ ಮನೆಗೆ ಓಡಿದರು. "ಮೂವತ್ತೊಂಬತ್ತು, ಬಂದ್ಬಿಡ್ತು! ನಲವತ್ತು!"

ನಲವತ್ತೊಂದನೆಯದು ಸಾವಿನ ಮನೆ. ಹಿತ್ತಿಲಿನ ನಲ್ಲಿ ಹಾಕಿಸಿ ನಾಲ್ಕು ವರ್ಷವಾಗಿತ್ತು. ಅದರಿಂದ ಒಂದು ತೊಟ್ಟೂ ಬಿದ್ದಿರಲಿಲ್ಲ. ಊರಿಗೆಲ್ಲ ನೀರು ಬಿಡುವವರ ಮನೆಗೆ ಶಿವಗಂಗಮ್ಮ ಕೆಳಗಿನಿಂದ ಕೊಡ ಹೊತ್ತು ತರುತ್ತಿದ್ದರು. ಈಗ ಅದು ಗೊರಗೊರ ಎಂದಿತು. ಗಾಳಿ ಉಗುಳಿತು, ಕೆಂಪು ನೀರು ಕಕ್ಕಿತು, ಆಮೇಲೆ ತಿಳಿಯಾಗಿ ಸುರಿಯಿತು. ಹಿತ್ತಿಲಲ್ಲಿ ನೆರೆದವರು ಹೋ ಎಂದು ಕೂಗಿಬಿಟ್ಟರು. ಕೂಗಿದ ಮೇಲೆ ಒಳಗೆ ಯಾರು ಕೂತಿದ್ದಾರೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಕೂಗ್ಲಿ ಬಿಡ್ರೇ," ಶಿವಗಂಗಮ್ಮ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದರು. "ಅವ್ರಿದ್ದಿದ್ರೆ ಇನ್ನೂ ಜೋರಾಗಿ ಕೂಗೋರು." ಅವರ ಕಣ್ಣು ತುಂಬಿತ್ತು, ಮುಖ ಮಾತ್ರ ಅರಳಿತ್ತು. "ತುಂಬಿಸ್ರಿ. ಇದ್ರಲ್ಲೇ ಮೈ ತೊಳೀರಿ ಅವ್ರಿಗೆ."

ಪಂಚಾಕ್ಷರಪ್ಪನಿಗೆ ಸ್ನಾನವಾಗುತ್ತಿರುವಾಗಲೇ ನೀರು ನಲವತ್ತಾರನೆಯ ಮನೆ ತಲುಪಿದ ಸುದ್ದಿ ಬಂತು. ಮಹೇಂದ್ರನ ಮುಖ ಹೊಳೆಯಿತು.

"ನೋಡ್ದ್ಯಾ ಶಿರೀನಮ್ಮ? ನಿನ್ನ ಪಟ್ಟೀಲಿರೋ ನಾಲ್ಕೂ ಮನೇಗೆ ಬಂತು. ಬರ್ಕೋ ಈಗ!"

ಶಿರೀನ್ ಶಿವಗಂಗಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. "ಅಮ್ಮ, ಕೇಳಲಾ?"

"ಕೇಳು."

"ನಿಮ್ಮನೇಗೆ ನಲ್ಲೀಲಿ ನೀರು ಬರುತ್ತಾ?"

ಹಿತ್ತಿಲಲ್ಲಿ ನಲ್ಲಿಯ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಶಿವಗಂಗಮ್ಮ ಒಂದು ಕ್ಷಣ ಅದಕ್ಕೆ ಕಿವಿಗೊಟ್ಟರು.

"ಇವತ್ತು ಬಂತು."

"ಹೋದ ವಾರ?"

"ಇಲ್ಲ. ಅದರ ಹಿಂದಿನ ವಾರನೂ ಇಲ್ಲ. ಇವತ್ತು ಯಾಕೆ ಬಂತು ಗೊತ್ತಾ? ಕೆಳಗಿನ ಬೀದಿಯೋರೆಲ್ಲ ಇಲ್ಲಿಗೆ ಬಂದವ್ರೆ. ಮೋಟರ್ ಹಾಕೋಕೆ ಅಲ್ಲಿ ಯಾರಿಲ್ಲ. ಇಲ್ಲ ಅಂತ್ಲೇ ಬರ್ಕೋ ಮಗಾ. ಯಾಕೆ ಅಂತ ವಿಚಾರಿಸ್ಲಿ."

"ದೊಡ್ಡಮ್ಮಾ..." ಮಹೇಂದ್ರ ಬಾಯಿ ತೆರೆದ.

"ಮಹೇಂದ್ರಾ, ವಾರಾವಾರ ಹಿಂಗೆ ಬಂದ್ರೆ ಬಂತು ಅಂತ ನಾನೇ ಹೇಳ್ತೀನಿ ಕಣಪ್ಪ. ದಿಲ್ಲಿವರೆಗೂ ಬಂದು ಬೇಕಾದ್ರೂ ಹೇಳ್ತೀನಿ."

ಶಿರೀನಳ ಬೆರಳು ಪರದೆಯ ಮೇಲೆ 'ಇಲ್ಲ' ಎಂದು ಒತ್ತಿದ್ದು ಮಹೇಂದ್ರನಿಗೆ ಕಾಣಿಸಿತು. ಅವನು ಏನೋ ಹೇಳಹೊರಟಾಗಲೇ ಹಿತ್ತಿಲಿನ ನಲ್ಲಿ ಸಣ್ಣಗಾಯಿತು, ಬೆರಳ ಗಾತ್ರಕ್ಕೆ ಇಳಿಯಿತು. ಮೇಲಿನಿಂದ ಯಾರೋ "ನಿಂತೋಯ್ತು! ನಲವತ್ತಾರು ನಿಂತೋಯ್ತು!" ಎಂದು ಕೂಗಿದರು.

ಮಹಬೂಬ್ ಸಾಬ್ ದಿಬ್ಬದಂಚಿಗೆ ಹೋಗಿ ಕಿವಿಯಿಟ್ಟು ಕೇಳಿದರು. ಅರ್ಧ ಹಾರ್ಸ್‌ಪವರಿನ ಮೋಟರಿನ ಸದ್ದು ಕೆಳಗಿನ ಬೀದಿಯಿಂದ ಸಣ್ಣಗೆ ಏರಿ ಬರುತ್ತಿತ್ತು. ಅವರು ತಿರುಗಿ ಮಹೇಂದ್ರನತ್ತ ನೋಡಿದರು. ಮಹೇಂದ್ರ ಜೇಬಿನಿಂದ ಫೋನ್ ತೆಗೆದು ಮನೆಗೆ ಕರೆ ಮಾಡಿದ. ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಮಾಡಿದ. ಆಮೇಲೆ ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಎಲ್ಲರ ಎದುರಿಗೇ ದಿಬ್ಬದಿಂದ ಕೆಳಕ್ಕೆ ಓಡಿದ.

ಹೊತ್ತು ಮೀರುತ್ತಿದೆ ಎಂದು ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ನೋರು ಅವಸರಪಡಿಸಿದರು. ವಿಭೂತಿ ಬಳಿದು, ರುಮಾಲು ಸುತ್ತಿ ಪಂಚಾಕ್ಷರಪ್ಪನನ್ನು ವಿಮಾನದಲ್ಲಿ ಕೂರಿಸಿದರು. ನಾಲ್ವರು ಹೆಗಲು ಕೊಟ್ಟರು. ಒಂದು ಮೂಲೆಗೆ ಮಹಬೂಬ್ ಸಾಬ್ ನಿಂತರು. ಶಂಖ, ಜಾಗಟೆಯ ಸದ್ದಿನೊಂದಿಗೆ ಮೆರವಣಿಗೆ ಬೀದಿಗುಂಟ ಮೇಲಕ್ಕೆ ಹೊರಟಿತು. ಹೆಂಗಸರು ಆಗಷ್ಟೇ ಹಿಡಿದ ನೀರನ್ನು ಬಾಗಿಲ ಮುಂದೆ ಚೆಲ್ಲಿ ಕೈಮುಗಿದರು. ಶಿರೀನ್ ದುಪಟ್ಟಾ ತಲೆಗೆ ಹೊದ್ದು ಶಿವಗಂಗಮ್ಮನ ಜೊತೆ ನಡೆದಳು. ನಲವತ್ತಾರನೆಯ ಮನೆ ದಾಟಿದೊಡನೆ ಒದ್ದೆ ನೆಲ ಮುಗಿದು ಧೂಳು ಸುರುವಾಯಿತು. ಅಲ್ಲಿ ಬಾಗಿಲುಗಳಲ್ಲಿ ನಿಂತವರ ಕೈಯಲ್ಲಿ ಬರಿಯ ಕೊಡಗಳಿದ್ದವು.

ಹಿಂದಿನಿಂದ ಯಾರೋ ಓಡಿಬಂದ ಸಪ್ಪಳ. ಜನ ದಾರಿ ಬಿಟ್ಟರು. ಮಹೇಂದ್ರನ ತಲೆ, ಅಂಗಿ, ಪಂಚೆ ಪೂರ್ತಿ ನೆನೆದಿದ್ದವು. ಮೋಟರ್ ಕಿತ್ತುಹಾಕಿದ ಅಂಗೈಗೆ ಗ್ರೀಸು ಮೆತ್ತಿತ್ತು. ಅವನು ಯಾರ ಮುಖವನ್ನೂ ನೋಡದೆ, ಮುಂದಿದ್ದವನನ್ನು ಸರಿಸಿ ವಿಮಾನಕ್ಕೆ ಹೆಗಲು ಕೊಟ್ಟ. ಉಳಿದ ಎಂಟು ಮನೆಗಳ ಮುಂದೆ ಅವನ ಬಟ್ಟೆಯಿಂದ ಇಳಿದ ಹನಿಗಳು ಒಂದೊಂದಾಗಿ ಧೂಳಿನಲ್ಲಿ ಬೀಳುತ್ತ ಹೋದವು.