ಪ್ಲೇಟಿನ ಮೇಲಿನ ವಿಭೂತಿ

ಗಂಗಾಂಬಿಕಾ ಹಳೆಯ ಫಿಯಟ್ಟಿನ ಬಾನೆಟ್ ಎತ್ತಿ, ಒಳಗಿದ್ದ ತಗಡಿನ ಪ್ಲೇಟನ್ನು ಸೆರಗಿನಿಂದ ತಿಕ್ಕುತ್ತಿದ್ದಳು. ಅರಿಸಿನ, ಕುಂಕುಮ, ಎಣ್ಣೆ ಗಟ್ಟಿಯಾಗಿ ಕೂತ ಪದರ ಜಪ್ಪಯ್ಯ ಅಂದರೂ ಬಿಡಲಿಲ್ಲ. ವರ್ಷವರ್ಷ ಆಯುಧಪೂಜೆಗೆ ಬಳಿದವರ ಭಕ್ತಿಗೇನೂ ಕೊರತೆಯಿರಲಿಲ್ಲ, ಅದರಡಿ ಕಾರಿನ ಗುರುತೇ ಮುಚ್ಚಿಹೋಗಿತ್ತು.

ಅಂಗಳದಲ್ಲಿ ಮೂಕಣ್ಣನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು. ಹೊಸಪೇಟೆಯಲ್ಲಿ ಹಳೆ ಕಾರು ಕೊಳ್ಳುವವರು ಮೊದಲು ಅವನ ಶೆಡ್ಡಿಗೆ ಬರುತ್ತಿದ್ದರು. ಕಂಪನಿಯವರು ಪ್ಲೇಟಿನಲ್ಲಿ ಒತ್ತಿದ ಅಕ್ಷರ, ಅಂಕಿ ಓದಿ, ಕಾರು ಯಾವ ವರ್ಷದ್ದು, ಹುಟ್ಟಿದಾಗ ಯಾವ ಬಣ್ಣದ್ದು, ಅಸಲೋ ಜೋಡಿಸಿದ್ದೋ ಎಂದು ಅವನು ಹೇಳುತ್ತಿದ್ದ. ಮೊನ್ನೆ ಗಂಗಾಂಬಿಕಾ ಸಂಡೂರಿನಲ್ಲಿ ಹುಡುಕಿ ಈ ಕಾರು ತಂದಾಗ ಹಾಸಿಗೆ ಹಿಡಿದಿದ್ದ. "ಎದ್ದ ಮ್ಯಾಲೆ ನೋಡ್ತೀನಿ, ತಾಯಿ" ಅಂದಿದ್ದ. ಏಳಲಿಲ್ಲ.

"ಅಕ್ಕಾ, ಸಾಕು ಬಿಡ್ರಿ," ಎಂದ ಮೂಕಣ್ಣನ ಮಗ ವೀರೇಶ್. "ಟ್ರ್ಯಾಕ್ಟರ್ ಬಂದೈತಿ. ಅಪ್ಪನ್ನ ಅದ್ರಾಗ ಕೂಡಿಸ್ಕೊಂಡು ಹೋಗ್ತೀವಿ."

"ಇದು ನಮ್ಮಪ್ಪನ ಕಾರಾಗಿದ್ರ ಮಾಮ ಇದ್ರಾಗ ಹೋಗ್ಬೇಕಪ್ಪ. ನಾನ ಓಡಿಸ್ತೀನಿ."

"ಅಲ್ಲ ಅಂದ್ರ? ಜೀವಮಾನದಾಗ ಒಂದು ಗಾಡಿ ಬಗ್ಗೆ ಸುಳ್ಳು ಹೇಳಿದವನಲ್ಲ ಅಪ್ಪ. ಯಾರದೋ ಕಾರಿನ್ಯಾಗ ಹೆಂಗ ಕಳಿಸ್ಲಿ?"

ಗಂಗಾಂಬಿಕಾಳ ಕಣ್ಣು ತುಂಬಿದವು. ಅವನ ಮಾತೂ ಸರಿಯಾಗಿತ್ತು.

"ಹೊತ್ತು ಇಳೀತೈತಿ, ಜಲ್ದಿ ಮಾಡ್ರಿ," ಎಂದರು ಮಠದಿಂದ ಬಂದಿದ್ದ ಹಾಲಸ್ವಾಮಿ.

*

ಗಂಗಾಂಬಿಕಾ ಹುಟ್ಟುವ ಹೊತ್ತಿಗೆ ಮೂಕಣ್ಣ ಕಂಪ್ಲಿಯಲ್ಲಿ ಅವಳ ತಂದೆ ತೋಟಪ್ಪನವರ ಅಕ್ಕಿ ಗಿರಣಿಗೆ ಡ್ರೈವರ್. ತೋಟಪ್ಪನವರ ಹೆಂಡತಿಗೆ ನೋವು ಕಾಣಿಸಿಕೊಂಡು, ಅವರ ಫಿಯಟ್ ಹೊಸಪೇಟೆಯ ಆಸ್ಪತ್ರೆಗೆ ಹೊರಟಿತು. ಕೂಸು ಅಷ್ಟು ದೂರ ಕಾಯಲಿಲ್ಲ. ಭತ್ತದ ಗದ್ದೆಗಳ ನಡುವೆ, ಹಿಂದಿನ ಸೀಟಿನಲ್ಲೇ ಗಂಗಾಂಬಿಕಾ ಹುಟ್ಟಿದಳು. ಜೊತೆಗಿದ್ದ ನೆರೆಮನೆಯ ಜಂಬಕ್ಕ ಹೆರಿಗೆ ಮಾಡಿಸಿದಳು. ಮೂಕಣ್ಣ ಕಾರು ನಿಲ್ಲಿಸುವ ಮೊದಲೇ ಒಳಗಿನ ಕನ್ನಡಿಯನ್ನು ಚಾವಣಿಗೆ ತಿರುಗಿಸಿಬಿಟ್ಟಿದ್ದ.

"ಕನ್ನಡ್ಯಾಗ ಸೈತ ನನ್ನ ನೋಡ್ಲಿಲ್ಲ, ಪುಣ್ಯಾತ್ಮ," ಎಂದು ತಾಯಿ ಇರುವ ತನಕ ಅವನನ್ನು ನೆನೆಯುತ್ತಿದ್ದಳು. ಗಿರಣಿ ನಿಂತಿತು, ಕಾರು ಮಾರಿಹೋಯಿತು, ತಾಯಿಯೂ ಹೋದಳು. ಆ ನೆನಪು ಮಾತ್ರ ಮಗಳ ಪಾಲಿಗೆ ಉಳಿದಿತ್ತು.

*

ಮೂಕಣ್ಣನ ಹೆಂಡತಿ ಅನ್ನಪೂರ್ಣ ಅಲ್ಲಿಯವರೆಗೂ ಗಂಡನ ಪಕ್ಕ ಕೂತಿದ್ದಳು. ಈಗ ಮೊಣಕಾಲು ಹಿಡಿದುಕೊಂಡು ಎದ್ದಳು.

"ಸೆರಗಿಲೆ ತಿಕ್ಕಿದ್ರ ಹೋಗೂದಿಲ್ಲವ್ವಾ ಅದು. ವೀರೇಶಾ, ಡೀಸೆಲ್ ಹಚ್ಚಿ ನೆನಿಯಾಕ ಬಿಡು. ಅಪ್ಪನ ಕೆಲ್ಸ ಇಷ್ಟು ಜಲ್ದಿ ಮರ್ತ್ಯೇನ್ಲೇ?"

ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು. ವೀರೇಶ್ ನಾಚಿಕೊಂಡು ಡೀಸೆಲ್ ತಂದ.

"ಲಗ್ನ ಆದ ಹೊಸದಾಗ ನನಗ ಅಂಕಿ ಕಲಿಸಿದ್ದು ಇವರು, ಸಾವ್ಕಾರ್ರ ಕಾರಿನ ಪ್ಲೇಟಿನ ಮ್ಯಾಲೆ," ಎಂದಳು ಅನ್ನಪೂರ್ಣ. "ಕಡೀ ಅಂಕಿ ನಾಲ್ಕು, ಅದು ಪಕ್ಕಕ್ಕ ವಾರಿ ಬಿದ್ದಿತ್ತು. ಒತ್ತುವಾಗ ಕಂಪನಿಯಾವ ತೂಕಡಿಸಿರ್ಬೇಕು ಅಂತ ಭಾಳ ನಗ್ತಿದ್ರು. ಆ ವಾರಿ ನಾಲ್ಕು ಇಲ್ದಿದ್ರ ಟ್ರ್ಯಾಕ್ಟರಿನ್ಯಾಗ ಒಯ್ರಿ."

ವೀರೇಶ್ ಅರಿವೆಯಿಂದ ಒರೆಸಿದ. ಕುಂಕುಮದ ಹಕ್ಕಳೆ ಎದ್ದು ಬಂತು, ಕೆಳಗೆ ಬರೀ ಕಪ್ಪು ತಗಡು. ಅನ್ನಪೂರ್ಣ ಗಂಡನ ಮುಂದಿದ್ದ ತಟ್ಟೆಯಿಂದ ವಿಭೂತಿ ತಂದು, ಅವನು ಮಾಡುತ್ತಿದ್ದ ಹಾಗೆಯೇ ಪ್ಲೇಟಿನ ಮೇಲೆ ಉಜ್ಜಿ, ಅಂಗೈಯಿಂದ ಹಗುರವಾಗಿ ಸವರಿದಳು. ತಗ್ಗಿನಲ್ಲಿ ಕೂತ ವಿಭೂತಿ ಒಂದೊಂದೇ ಅಂಕಿಯಾಗಿ ಬೆಳ್ಳಗೆ ಕಂಡಿತು. ಪೊರೆ ಬಂದ ಕಣ್ಣನ್ನು ನಂಬದೆ ಅವಳು ಬೆರಳಿನಿಂದಲೇ ಓದಿದಳು.

"ಆರು... ಸೊನ್ನಿ... ಎರಡು..."

ಬೆರಳು ಕೊನೆಯ ನಾಲ್ಕಿನ ಮೇಲೆ ಪಕ್ಕಕ್ಕೆ ವಾಲಿ ನಿಂತಿತು. ವೀರೇಶ್ ಬಗ್ಗಿ ಪ್ಲೇಟಿನ ನಾಲ್ಕೂ ಮೂಲೆಯ ರಿವೆಟ್‌ಗಳನ್ನು ಉಗುರಿನಿಂದ ಮುಟ್ಟಿ ನೋಡಿದ.

"ಯಾರೂ ಬಿಚ್ಚಿಲ್ಲ," ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, ದನಿ ಏರಿಸಿ, "ಅಸಲು ಐತಿ, ಅಪ್ಪಾ!"

ಮೂಕಣ್ಣನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿದರು. ಅನ್ನಪೂರ್ಣ ಪಕ್ಕದಲ್ಲಿ ಕೂತು ಅವನ ಹೂವಿನ ಸರ ನೇರಮಾಡಿದಳು. ನಾಲ್ಕು ಮಂದಿ ತಳ್ಳಿದ ಮೇಲೆ ಎಂಜಿನ್ ಹಿಡಿಯಿತು. ಮುಂದೆ ಭಜನೆಯವರು ಹೊರಟರು.

ಸ್ಟೇರಿಂಗ್ ಮುಂದೆ ಕೂತ ಗಂಗಾಂಬಿಕಾ ತಲೆ ಎತ್ತಿದಳು. ಸಡಿಲಾಗಿದ್ದ ಒಳಗಿನ ಕನ್ನಡಿ ಚಾವಣಿಗೆ ತಿರುಗಿಕೊಂಡಿತ್ತು. ಅದನ್ನು ಮೆಲ್ಲಗೆ ಕೆಳಗಿಳಿಸಿ, ಮೂಕಣ್ಣನ ವಿಭೂತಿಯ ಹಣೆ ಪೂರ್ತಿ ಕಾಣುವ ತನಕ ಸರಿಪಡಿಸಿ, ಗೇರು ಹಾಕಿದಳು.